ಗಾಳಿಯ ಮೇಲೆ ಗೂಬೆ ಕೂರಿಸಿದ ತಂಡ

ಡೆನ್ವರ್‌ನ ಕೂರ್ಸ್ ಫೀಲ್ಡ್ ಸ್ಟೇಡಿಯಂನಲ್ಲಿ ಮೇಲಿನ ಸ್ಟ್ಯಾಂಡ್‌ಗೆ ಹತ್ತಿದರೆ, ಹಸಿರು ಕುರ್ಚಿಗಳ ನಡುವೆ ಒಂದು ಸಾಲು ಮಾತ್ರ ನೇರಳೆ ಬಣ್ಣದ್ದು. ಅಲ್ಲಿ ಕೂತವರು ಸಮುದ್ರ ಮಟ್ಟದಿಂದ 5,280 ಅಡಿ, ಅಂದರೆ ಒಂದು ಮೈಲಿ ಎತ್ತರದಲ್ಲಿ ಇದ್ದಾರೆ ಅಂತ ಲೆಕ್ಕ. ಜನ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ಮೈದಾನದಲ್ಲಿ ಕೊಲೊರಾಡೊ ರಾಕೀಸ್ ಎಂಬ ಬೇಸ್‌ಬಾಲ್ ತಂಡ ಸಾಮಾನ್ಯವಾಗಿ ಸೋಲುತ್ತಿರುತ್ತದೆ.

2025ರಲ್ಲಿ ಈ ತಂಡ ಆಡಿದ್ದು 162 ಪಂದ್ಯ, ಸೋತಿದ್ದು 119. ಗಳಿಸಿದ ರನ್ 597, ಬಿಟ್ಟುಕೊಟ್ಟಿದ್ದು 1,021. ನಡುವಿನ ಅಂತರ 424. 1900ರಿಂದ ಈಚೆಗೆ ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಷ್ಟು ಕೆಟ್ಟ ಅಂತರ ಬೇರೆ ಯಾವ ತಂಡಕ್ಕೂ ಇಲ್ಲ. ಅದಕ್ಕೂ ಹಿಂದಿನ ಎರಡು ವರ್ಷ ಸೋಲಿನ ಲೆಕ್ಕ 103 ಮತ್ತು 101. ಹಾಗಾಗಿ 2026ರ ಸೀಸನ್‌ನಲ್ಲಿ ಈ ತಂಡದ ಕತೆ ಏನು ಅಂತ ಕೇಳಿದರೆ, ಮೊದಲು ಹಳೇ ಕತೆ ಹೇಳಬೇಕಾಗುತ್ತದೆ.

ಕತೆ ಶುರುವಾಗೋದು ಗಾಳಿಯಿಂದ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಮ್ಯಾಚ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬೌಂಡರಿ ಚಿಕ್ಕದು, ಜೊತೆಗೆ ಊರೂ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಇನ್ನಷ್ಟು ದೂರ ಹಾರುತ್ತದೆ. ಬೆಂಗಳೂರಿನ ಎತ್ತರ ಸುಮಾರು 3,000 ಅಡಿ. ಡೆನ್ವರ್ ಅದಕ್ಕಿಂತ 2,000 ಅಡಿಗೂ ಮೇಲೆ.

ದೂರ ಹಾರೋದು ಅರ್ಧ ತೊಂದರೆ ಅಷ್ಟೇ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬ್ಯಾಟರ್ ಹತ್ತಿರ ಬರುತ್ತದೆ. ಪಿಚ್‌ನಿಂದ ತಿರುವು ಸಿಗೋದಿಲ್ಲ. ಚೆಂಡು ಬಾಗಬೇಕು ಅಂದರೆ ಅದು ಗಿರಗಿರ ತಿರುಗುತ್ತಾ ಗಾಳಿಯನ್ನು ತಳ್ಳಬೇಕು. ತಳ್ಳೋಕೆ ಗಾಳಿಯೇ ಕಡಿಮೆ ಇದ್ದರೆ? ಬೇರೆ ಊರಲ್ಲಿ ಕೊನೇ ಗಳಿಗೆಯಲ್ಲಿ ಬ್ಯಾಟಿನ ಕೆಳಗೆ ಜಾರಿಹೋಗುವ ಕರ್ವ್ ಬಾಲ್, ಇಲ್ಲಿ ಸುಮ್ನೆ ಬಂದು ಬ್ಯಾಟರ್ ಮುಂದೆ ನಿಲ್ಲುತ್ತದೆ.

1995ರಲ್ಲಿ ಶುರುವಾದ ಈ ಸ್ಟೇಡಿಯಂ ಕಟ್ಟುವಾಗ ಇದೆಲ್ಲ ಗೊತ್ತೇ ಇತ್ತು. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ, ಕಮ್ಮಿಯಾಗಲಿ ಅಂತ ಬೇಲಿಯನ್ನು ದೂರ ಇಟ್ಟರು. ಆಗ ಮೈದಾನವೇ ದೊಡ್ಡದಾಯಿತು, ಫೀಲ್ಡರ್‌ಗಳ ನಡುವೆ ಜಾಗ ಹೆಚ್ಚಾಯಿತು, ಸಣ್ಣ ಹೊಡೆತಗಳೂ ನೆಲಕ್ಕೆ ಬೀಳತೊಡಗಿದವು. ಹೋಮ್ ರನ್ ಆದರೂ ನಿಂತಿತಾ ಅಂದರೆ ಅದೂ ಇಲ್ಲ. 1999ರಲ್ಲಿ ಈ ಒಂದೇ ಮೈದಾನದಲ್ಲಿ 303 ಹೋಮ್ ರನ್ ಬಂದವು.

ತಂಡದವರು ಮೊದಲು ನೆಚ್ಚಿಕೊಂಡಿದ್ದು ದುಡ್ಡನ್ನು. 2000ದ ಡಿಸೆಂಬರ್‌ನಲ್ಲಿ ಮೈಕ್ ಹ್ಯಾಂಪ್ಟನ್ ಎಂಬ ಪಿಚರ್‌ಗೆ (ಚೆಂಡು ಎಸೆಯುವವರಿಗೆ) 8 ವರ್ಷಕ್ಕೆ 121 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟರು. ಬೇರೆ ಕಡೆ ದೊಡ್ಡ ಹೆಸರು ಮಾಡಿದ್ದವರು. ಎರಡೇ ಸೀಸನ್‌ನಲ್ಲಿ ಅವರನ್ನು ಸಾಗಹಾಕಬೇಕಾಯಿತು.

ಪರಿಹಾರ ಸಿಕ್ಕಿದ್ದು ಒಂದು ಜೊತೆ ಬೂಟಿನಿಂದ. ಸ್ಟೇಡಿಯಂನ ಎಲೆಕ್ಟ್ರಿಷಿಯನ್ ಒಬ್ಬರು ಬೇಟೆಗೆ ಹೋಗಿದ್ದಾಗ, ತಮ್ಮ ಚರ್ಮದ ಬೂಟು ಒಣಗಿ ಬಿಗಿಯಾಗಿದ್ದನ್ನು ಗಮನಿಸಿದರು. ಚೆಂಡಿನದೂ ಚರ್ಮವೇ ಅಲ್ವಾ? ಡೆನ್ವರ್‌ನ ಒಣ ಹವೆಗೆ ಅದೂ ಒಣಗಿ, ಗಟ್ಟಿಯಾಗಿ, ನುಣುಪಾಗುತ್ತಿತ್ತು. ಹೊಡೆದರೆ ಜಾಸ್ತಿ ಚಿಮ್ಮುತ್ತಿತ್ತು, ಹಿಡಿಯಲು ಹೋದರೆ ಜಾರುತ್ತಿತ್ತು. 2002ರಲ್ಲಿ ಚೆಂಡುಗಳನ್ನು ತೇವ ಹದವಾಗಿಟ್ಟ ಒಂದು ಕೋಣೆಯಲ್ಲಿ ಇಡಲು ಶುರು ಮಾಡಿದರು. ರನ್ ಹೊಳೆ ಕಣ್ಣಿಗೆ ಕಾಣುವಷ್ಟು ತಗ್ಗಿತು. ಈಗ ಅಂಥ ಕೋಣೆ ಲೀಗ್‌ನ 30 ಸ್ಟೇಡಿಯಂಗಳಲ್ಲೂ ಇದೆ. ರಾಕೀಸ್ ಜಗತ್ತಿಗೆ ಕೊಟ್ಟ ಅತ್ಯುತ್ತಮ ಕೊಡುಗೆ ಇದೇ ಅಂತ ನನಗನಿಸುತ್ತದೆ. ವ್ಯಂಗ್ಯವಾಗಿ ಹೇಳುತ್ತಿಲ್ಲ.

2007ರಲ್ಲಿ ಈ ತಂಡ ಸೀಸನ್ ಕೊನೆಗೆ 22 ಪಂದ್ಯಗಳಲ್ಲಿ 21 ಗೆದ್ದು ವರ್ಲ್ಡ್ ಸೀರೀಸ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ ಬಂತು. ಅಲ್ಲಿ ಬಾಸ್ಟನ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಆಮೇಲೆ ಆ ಎತ್ತರಕ್ಕೆ ಏರಲೇ ಇಲ್ಲ. 1993ರಲ್ಲಿ ಹುಟ್ಟಿದ ತಂಡ ಇವತ್ತಿನವರೆಗೂ ಲೀಗ್‌ನೊಳಗಿನ ತನ್ನ ಗುಂಪಾದ ಡಿವಿಷನ್‌ನಲ್ಲಿ ಒಮ್ಮೆಯೂ ಮೊದಲ ಸ್ಥಾನಕ್ಕೆ ಬಂದಿಲ್ಲ.

ಹಾಗಾದರೆ ಎಲ್ಲ ತಪ್ಪೂ ಗಾಳಿಯದ್ದೇನಾ? ನಾನು ಒಪ್ಪೋದಿಲ್ಲ. 2018ರಲ್ಲಿ ಡೆನ್ವರ್‌ನಲ್ಲೇ ಹುಟ್ಟಿ ಬೆಳೆದ ಕೈಲ್ ಫ್ರೀಲ್ಯಾಂಡ್ ಎಂಬ ಎಡಗೈ ಪಿಚರ್ ಇದೇ ಗಾಳಿಯಲ್ಲಿ 17 ಗೆಲುವು ತಂದುಕೊಟ್ಟರು. ಆ ವರ್ಷ ತಂಡ 91 ಪಂದ್ಯ ಗೆದ್ದಿತು. ಇನ್ನೊಂದು ವಿಷಯ: 2025ರಲ್ಲಿ ರಾಕೀಸ್ ತವರಿಗಿಂತ ಹೆಚ್ಚು ಸೋತಿದ್ದು ಹೊರಗಡೆ. ಅದಕ್ಕೂ ಗಾಳಿಯೇ ಕಾರಣ ಅನ್ನುವವರಿದ್ದಾರೆ. ಬಾಗದ ಚೆಂಡಿಗೆ ಒಗ್ಗಿದ ಬ್ಯಾಟರ್‌ಗಳಿಗೆ ಕೆಳಗಿನ ಊರುಗಳಲ್ಲಿ ಬಾಗುವ ಚೆಂಡು ಆಡಲು ಬರೋದಿಲ್ಲ ಎಂಬ ವಾದ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಅದಕ್ಕೆ ತಕ್ಕ ತಯಾರಿ ಮಾಡಬೇಕಾದವರು ಯಾರು?

ಮಾಲೀಕರಾದ ಮಾನ್‌ಫರ್ಟ್ ಕುಟುಂಬ ಜುಗ್ಗ ಅಂತ ಹೇಳಲಾಗದು. ದುಡ್ಡು ಸುರಿದ ಜಾಗ ಮಾತ್ರ ವಿಚಿತ್ರ. ನೋಲನ್ ಅರೆನಾಡೊ ಎಂಬ ಅಪ್ಪಟ ಪ್ರತಿಭೆಗೆ 2019ರಲ್ಲಿ 260 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟರು. ಎರಡೇ ವರ್ಷಕ್ಕೆ ಅವರನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟು, ಮೇಲೆ ಸುಮಾರು 50 ಮಿಲಿಯನ್ ಡಾಲರ್ ಕೈಯಿಂದ ಹಾಕಿದರು. ಹೆಣ್ಣು ಕೊಟ್ಟು ವರದಕ್ಷಿಣೆಯನ್ನೂ ಕೊಟ್ಟ ಹಾಗೆ. ಮರುವರ್ಷ ಕ್ರಿಸ್ ಬ್ರಯಾಂಟ್‌ಗೆ 7 ವರ್ಷಕ್ಕೆ 182 ಮಿಲಿಯನ್. ಪಾಪ, ಅವರಿಗೆ ಬೆನ್ನುನೋವು. 2025ರಲ್ಲಿ ಆಡಿದ್ದು 11 ಪಂದ್ಯ. ಬೇರೆ ತಂಡಗಳು ಪ್ರತಿ ಎಸೆತವನ್ನೂ ಅಳೆದು ತೂಗಿ ಪಿಚರ್‌ಗಳನ್ನು ತಿದ್ದುತ್ತಿದ್ದ ಕಾಲದಲ್ಲಿ ರಾಕೀಸ್ ಆ ಕೆಲಸಕ್ಕೆ ಇಟ್ಟುಕೊಂಡಿದ್ದ ಜನ ತೀರಾ ಕಮ್ಮಿ ಎಂಬ ದೂರು ವರ್ಷಗಳಿಂದ ಇತ್ತು. ಇಡೀ ಲೀಗ್‌ನಲ್ಲಿ ಆ ಲೆಕ್ಕಾಚಾರ ಯಾರಿಗಿಂತಲೂ ಹೆಚ್ಚು ಬೇಕಾಗಿದ್ದು ಇವರಿಗೇ.

2025ರ ಮೇ 10ರಂದು ತವರಿನಲ್ಲೇ ಸ್ಯಾನ್ ಡಿಯಾಗೊ ಎದುರು 0–21. ಮರುದಿನ ತಂಡ ಗೆದ್ದಿತು. ಗೆದ್ದ ಆ ದಿನವೇ, 2017ರಿಂದ ಮ್ಯಾನೇಜರ್ (ನಮ್ಮ ಕ್ರಿಕೆಟ್‌ನ ಮುಖ್ಯ ಕೋಚ್ ಇದ್ದ ಹಾಗೆ) ಆಗಿದ್ದ ಬಡ್ ಬ್ಲ್ಯಾಕ್ ಅವರನ್ನು ಮನೆಗೆ ಕಳಿಸಿದರು. ಆಗ ಲೆಕ್ಕ 7 ಗೆಲುವು, 33 ಸೋಲು.

ಇಷ್ಟಾದರೂ ಆ ವರ್ಷ ಸ್ಟೇಡಿಯಂಗೆ ಬಂದವರು 24 ಲಕ್ಷದಷ್ಟು ಜನ. ಸಂಜೆ ಬೆಟ್ಟಗಳ ಹಿಂದೆ ಸೂರ್ಯ ಇಳಿಯುತ್ತಾನೆ, ತಣ್ಣನೆ ಬಿಯರ್ ಇರುತ್ತದೆ, ಒಮ್ಮೊಮ್ಮೆ ಪವಾಡವೂ ನಡೆಯುತ್ತದೆ. ಆಗಸ್ಟ್ 1ರಂದು ಪಿಟ್ಸ್‌ಬರ್ಗ್ ಮೊದಲ ಇನಿಂಗ್ಸ್‌ನಲ್ಲೇ 9 ರನ್ ಹೊಡೆದಿತ್ತು. ಕೊನೆಗೆ ಬ್ರೆಂಟನ್ ಡಾಯ್ಲ್ ಹೋಮ್ ರನ್ ಬಾರಿಸಿ ರಾಕೀಸ್ 17–16ರಿಂದ ಗೆದ್ದಿತು. ಇಂಥದ್ದು ನೋಡಿದ ಮೇಲೆ ಟಿಕೆಟ್ ತಗೊಳ್ಳೋದು ಬಿಡಲು ಮನಸ್ಸು ಬರೋದಿಲ್ಲ. ಹೇಗಾಡಿದರೂ ಜನ ಬರುತ್ತಾರೆ ಅಂತಾದರೆ ಮಾಲೀಕರಿಗೆ ಅವಸರವಾದರೂ ಯಾಕೆ? ಕೆಳಗಿನ ಲೀಗ್‌ಗೆ ತಳ್ಳುವ ಪದ್ಧತಿಯೂ ಅಮೆರಿಕದಲ್ಲಿ ಇಲ್ಲ.

ಆದರೂ 119 ಸೋಲು ಒಂದು ಕೆಲಸ ಮಾಡಿತು. ಹೆಚ್ಚಾಗಿ ಒಳಗಿನವರಿಗೇ ಬಡ್ತಿ ಕೊಡುತ್ತಿದ್ದ ತಂಡ ನವೆಂಬರ್‌ನಲ್ಲಿ ಆಟದ ವಿಭಾಗದ ಮುಖ್ಯಸ್ಥರಾಗಿ ಹೊರಗಿನಿಂದ ಪಾಲ್ ಡಿಪೊಡೆಸ್ಟಾ ಅವರನ್ನು ಕರೆತಂದಿತು. ಇಪ್ಪತ್ತು ವರ್ಷಗಳ ಹಿಂದೆ ಓಕ್ಲೆಂಡ್‌ನಲ್ಲಿ ಅಂಕಿಅಂಶ ನಂಬಿ ಆಟಗಾರರನ್ನು ಆರಿಸಿದ ಗುಂಪಿನ ಮುಖ್ಯ ತಲೆಗಳಲ್ಲಿ ಒಬ್ಬರು ಅವರು. ಆಮೇಲೆ 2016ರಿಂದ ಅಮೆರಿಕನ್ ಫುಟ್‌ಬಾಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ ಇದ್ದರು. ಆ ತಂಡ 2017ರಲ್ಲಿ 16ಕ್ಕೆ 16 ಪಂದ್ಯವೂ ಸೋತಿತ್ತು. ಸೋಲು ಅವರಿಗೆ ಹೊಸದಲ್ಲ ಬಿಡಿ. ನಡುವೆ ಮ್ಯಾನೇಜರ್ ಆಗಿ ಬಂದಿದ್ದ ವಾರೆನ್ ಶೇಫರ್ ಅವರನ್ನೇ ಮುಂದುವರಿಸಿದರು.

ಪಿಚರ್‌ಗಳನ್ನು ತಯಾರು ಮಾಡಲು ವರ್ಷಗಳೇ ಬೇಕು. ಹಾಗಾಗಿ 2026ರಲ್ಲಿ ನಾನು ನೋಡೋದು ಗೆಲುವಿನ ಲೆಕ್ಕವನ್ನಲ್ಲ. ಈ ಗಾಳಿಯಲ್ಲಿ ಯಾವ ಎಸೆತ ನಡೆಯುತ್ತದೆ, ಯಾವುದು ನಡೆಯೋದಿಲ್ಲ ಅಂತ ಪಿಚರ್‌ಗಳಿಗೆ ಯಾರಾದರೂ ಹೇಳಿಕೊಡುತ್ತಿದ್ದಾರಾ ಅಂತ. 2023ರ ಜನವರಿಯಲ್ಲಿ ಮಾಲೀಕ ಡಿಕ್ ಮಾನ್‌ಫರ್ಟ್ ತಮ್ಮ ತಂಡ ಅರ್ಧದಷ್ಟು ಪಂದ್ಯ ಗೆಲ್ಲಬಲ್ಲದು ಅಂದಿದ್ದರು. ಆ ವರ್ಷ ಗೆದ್ದಿದ್ದು 59. ಈಗ 2025ರ 43 ಗೆಲುವಿಗೆ ಇನ್ನೂ 20 ಸೇರಿಸಿದರೂ ಆಗೋದು 63 ಗೆಲುವು, 99 ಸೋಲು. ಅಷ್ಟಾದರೆ ಡೆನ್ವರ್‌ನಲ್ಲಿ ಪಟಾಕಿ ಹೊಡೆಯಬಹುದು.