ಗಂಟಲಲ್ಲೇ ಉಳಿದುಹೋಗುವ ಔಷಧ

ಇನ್ಹೇಲರ್ ಬಳಸುವವರು ಒಮ್ಮೆಯಾದರೂ ಕನ್ನಡಿ ಮುಂದೆ ನಿಂತು ಬಳಸಿ ನೋಡಬೇಕು. ಪಂಪ್ ಒತ್ತಿದ ಕೂಡಲೇ ತುಟಿಯಂಚಿನಿಂದಲೋ ಮೂಗಿನಿಂದಲೋ ಬಿಳಿ ಮಂಜು ಹೊರಗೆ ಬಂತಾ? ಆ ಮಂಜೇ ಔಷಧ. ಎದೆಗೆ ಹೋಗಬೇಕಿದ್ದದ್ದು ಕೋಣೆಯ ಗಾಳಿಗೆ ಹೋಯಿತು. ಮಂಜು ಕಾಣಲಿಲ್ಲ ಅಂತ ಸಮಾಧಾನಪಡುವ ಹಾಗೂ ಇಲ್ಲ. ಅದು ನಾಲಿಗೆ ಮೇಲೋ ಗಂಟಲಲ್ಲೋ ಕೂತಿರಬಹುದು. ಚೆನ್ನಾಗಿ ಬಳಸುವವರಲ್ಲೂ ಸಾಮಾನ್ಯ ಪಂಪ್‌ನ ಔಷಧದಲ್ಲಿ ಶ್ವಾಸಕೋಶ ತಲುಪುವುದು ಹೆಚ್ಚುಕಮ್ಮಿ ಶೇ. 10ರಿಂದ 20 ಮಾತ್ರ. ಕೆಟ್ಟದಾಗಿ ಬಳಸಿದರೆ ಅದೂ ಇಲ್ಲ.

ಹಾಗಾದರೆ ಮಾತ್ರೆ ನುಂಗೋದೇ ವಾಸಿ ಅಲ್ವಾ? ಒಂದು ಲೆಕ್ಕ ಹಾಕೋಣ. ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ ಅನ್ನುವ ಔಷಧ ಪಂಪ್‌ನ ಒಂದು ಪಫ್‌ನಲ್ಲಿ, ಅಂದರೆ ಒಂದು ಸಲ ಒತ್ತಿದಾಗ, 100 ಮೈಕ್ರೊಗ್ರಾಂ ಇರುತ್ತದೆ. ಅದರದ್ದೇ ಸಣ್ಣ ಮಾತ್ರೆಯಲ್ಲಿ 2 ಮಿಲಿಗ್ರಾಂ. ಅಂದರೆ ಒಂದು ಮಾತ್ರೆಗೆ 20 ಪಫ್ ಸಮ. ಆ ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿಕೊಂಡು ಎದೆಗೆ ಬರುತ್ತದೆ. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಡವ ಅನ್ನಿಸುತ್ತದೆ. 'ಪಂಪ್ ಅಂದ್ರೆ ಸ್ಟ್ರಾಂಗು, ಮಾತ್ರೆ ಮೈಲ್ಡು' ಅನ್ನುವ ಮಾತು ಎಷ್ಟು ತಲೆಕೆಳಗು ನೋಡಿ. ಚಟ ಹತ್ತಿಬಿಡುತ್ತದೆ ಅನ್ನುವ ಭಯಕ್ಕೂ ಆಧಾರವಿಲ್ಲ. ದಿನಾ ಬೇಕಾಗುತ್ತದೆ, ನಿಜ. ಕಾಯಿಲೆ ದಿನಾ ಇರುತ್ತದಲ್ಲ!

ಈಗ ಎದೆಯೊಳಗೆ ಹೋಗೋಣ. ಉಸಿರುನಾಳ ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊಳವೆಗಳ ಸುತ್ತ ಉಂಗುರದ ಹಾಗೆ ತೆಳು ಸ್ನಾಯು ಇದೆ. ಅದು ಬಿಗಿದರೆ ಕೊಳವೆ ಕಿರಿದಾಗುತ್ತದೆ. ಸ್ವಲ್ಪ ಕಿರಿದಾದರೆ ಏನಂತೆ ಅನ್ನಬೇಡಿ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ, ಗಾಳಿ ಸರಾಗವಾಗಿ ಹರಿಯುವ ಕಡೆ, ಅಡ್ಡಿ 16 ಪಟ್ಟು ಏರುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ಕೊಳವೆ ಕೂದಲೆಳೆಯಷ್ಟು ಸಡಿಲಾದರೂ ಉಸಿರಿಗೆ ದೊಡ್ಡ ಬಿಡುವು ಸಿಗುತ್ತದೆ. ಬ್ರಾಂಕೊಡೈಲೇಟರ್ ಮಾಡುವ ಕೆಲಸ ಇಷ್ಟೇ: ಆ ಸ್ನಾಯುವನ್ನು ಸಡಿಲಿಸುವುದು.

ಸಿಒಪಿಡಿ, ಅಂದರೆ ಉಸಿರುನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರು 'ಉಸಿರು ಒಳಗೆ ಹೋಗ್ತಿಲ್ಲ' ಅನ್ನುತ್ತಾರೆ. ಅಸಲಿಗೆ ಅವರ ತೊಂದರೆ ಶುರುವಾಗುವುದು ಉಸಿರು ಹೊರಗೆ ಹೋಗದಿರುವುದರಿಂದ. ವರ್ಷಗಟ್ಟಲೆ ಬೀಡಿ, ಸಿಗರೇಟಿನ ಹೊಗೆಯನ್ನೋ ಒಲೆಯ ಹೊಗೆಯನ್ನೋ ಕುಡಿದು ಕೊಳವೆಗಳು ಊದಿಕೊಂಡಿರುತ್ತವೆ, ಕಫ ಕಟ್ಟಿರುತ್ತದೆ, ಶ್ವಾಸಕೋಶದ ಸ್ಥಿತಿಸ್ಥಾಪಕ ಗುಣ ಹೋಗಿ ಹಳೇ ರಬ್ಬರ್ ಬ್ಯಾಂಡಿನ ಹಾಗೆ ಆಗಿರುತ್ತದೆ. ಹಳೇ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತುಂಬಿದ ಕೊಡಕ್ಕೆ ಹೊಸ ನೀರು ಹಿಡಿಯುವುದೆಲ್ಲಿಂದ? ಔಷಧ ಕೊಳವೆ ಸಡಿಲಿಸಿದಾಗ ಆ ಹಳೇ ಗಾಳಿಗೆ ದಾರಿಯಾಗುತ್ತದೆ. ಊದುವ ಪರೀಕ್ಷೆಯಲ್ಲಿ ಅಂಕಿ ಅಷ್ಟೇನೂ ಏರದಿದ್ದರೂ ಮೆಟ್ಟಿಲು ಹತ್ತುವುದು ಸುಲಭವಾಗುವುದು ಇದರಿಂದಲೇ. ಹಾಳಾದ ಶ್ವಾಸಕೋಶವನ್ನು ಮಾತ್ರ ಅದು ರಿಪೇರಿ ಮಾಡುವುದಿಲ್ಲ. ಹೊಗೆ ಬಿಡದೆ ಪಂಪ್ ಒತ್ತುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಈ ಔಷಧಗಳಲ್ಲಿ ಎರಡು ಮನೆತನ. ಒಂದು ನಮ್ಮ ಮೈಯಲ್ಲೇ ಇರುವ ಅಡ್ರಿನಲಿನ್‌ನ ನೆಂಟರು: ಸಾಲ್ಬುಟಮಾಲ್, ಫಾರ್ಮೊಟೆರಾಲ್, ಸಾಲ್ಮೆಟೆರಾಲ್. ಇನ್ನೊಂದು ದತ್ತೂರಿ ಗಿಡದ ಅಟ್ರೊಪಿನ್‌ನ ನೆಂಟರು: ಇಪ್ರಟ್ರೋಪಿಯಂ, ಟಯೊಟ್ರೋಪಿಯಂ. ದತ್ತೂರಿ ಎಲೆಯ ಹೊಗೆ ಎಳೆದು ದಮ್ಮು ಇಳಿಸಿಕೊಳ್ಳುತ್ತಿದ್ದ ಕಾಲವೂ ಇತ್ತು. ಅದು ವಿಷದ ಗಿಡ. ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಟಯೊಟ್ರೋಪಿಯಂ ಅನ್ನು ಮೈಕ್ರೊಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ.

ಎರಡು ಮನೆತನಕ್ಕಿಂತ ಮುಖ್ಯವಾದ ವ್ಯತ್ಯಾಸ ಸಮಯದ್ದು. ಸಾಲ್ಬುಟಮಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡಿ 4ರಿಂದ 6 ಗಂಟೆ ಇರುತ್ತದೆ. ಸಾಲ್ಮೆಟೆರಾಲ್ ನಿಧಾನಿ, ಆದರೆ ಸುಮಾರು 12 ಗಂಟೆ ನಿಲ್ಲುತ್ತದೆ. ಟಯೊಟ್ರೋಪಿಯಂ 24 ಗಂಟೆ. ಇವು ಅದಲು ಬದಲಾದಾಗಲೇ ಎಡವಟ್ಟು. ದಮ್ಮು ಕಟ್ಟಿದ ಹೊತ್ತಿನಲ್ಲಿ 24 ಗಂಟೆಯ ಔಷಧವನ್ನು ಮತ್ತೆ ಮತ್ತೆ ಎಳೆದುಕೊಂಡರೆ ತಕ್ಷಣಕ್ಕೆ ಉಪಯೋಗವಿಲ್ಲ, ಮೈಯಲ್ಲಿ ಮಾತ್ರ ಜಾಸ್ತಿಯಾಗುತ್ತದೆ. ಎರಡು ಡಬ್ಬಿ ಇದ್ದರೆ ಒಂದರ ಮೇಲೆ 'ದಿನಾ', ಇನ್ನೊಂದರ ಮೇಲೆ 'ತುರ್ತು' ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಬಿಡಿ.

ಇನ್ನು ಉಸಿರೆಳೆಯುವ ರೀತಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಬಾಯಿಂದ ಗಂಟಲಿಗೆ ಇಳಿಯುವ ಕಡೆ ದಾರಿ ಸರಕ್ಕನೆ ತಿರುಗುತ್ತದೆ. ಪಂಪ್‌ನಿಂದ ಹನಿಗಳು ರಭಸವಾಗಿ ಹೊರಡುತ್ತವೆ. ನಾವೂ ಜೋರಾಗಿ ಎಳೆದರೆ ಅವು ಆ ತಿರುವಿನಲ್ಲಿ ತಿರುಗಲಾಗದೆ ಗಂಟಲ ಗೋಡೆಗೇ ಬಡಿಯುತ್ತವೆ. ಹಾಗಾಗಿ ಪಂಪ್ ಆದರೆ ನಿಧಾನ. ಡಬ್ಬಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಮುಚ್ಚಿ ಹಿಡಿದು, ಎಳೆಯಲು ಶುರು ಮಾಡುತ್ತಲೇ ಒಂದು ಸಲ ಒತ್ತಿ, ನಾಲ್ಕೈದು ಸೆಕೆಂಡು ಮೆಲ್ಲಗೆ ಎಳೆಯುತ್ತಾ ಹೋಗಿ. ಆಮೇಲೆ 10 ಸೆಕೆಂಡು, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಪುಡಿಯ ಇನ್ಹೇಲರ್‌ನಲ್ಲಿ ಇದು ಪೂರ್ತಿ ಉಲ್ಟಾ! ಅಲ್ಲಿ ಔಷಧವನ್ನು ತಳ್ಳುವ ಅನಿಲವಿಲ್ಲ. ಗಂಟು ಕಟ್ಟಿದ ಪುಡಿಯನ್ನು ಒಡೆದು ಹುಡಿ ಮಾಡುವುದು ನಮ್ಮ ಉಸಿರಿನ ರಭಸವೇ. ಹಾಗಾಗಿ ಮೊದಲಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಊದಬಾರದು, ಬಾಯಿಯ ತೇವಕ್ಕೆ ಪುಡಿ ಮೆತ್ತಿಕೊಳ್ಳುತ್ತದೆ. ಕ್ಯಾಪ್ಸೂಲ್ ಹಾಕುವ ಬಗೆಯಿದ್ದರೆ ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಟ್ಟವರೂ ಇದ್ದಾರೆ. ನಗಬೇಡಿ, ಮಾತ್ರೆಯ ಹಾಗೆ ಕಂಡರೆ ನುಂಗುವುದು ಸಹಜವೇ. ಒಬ್ಬರಿಗೇ ಪಂಪೂ ಪುಡಿಯೂ ಕೊಟ್ಟಾಗ ಗೊಂದಲ ಆಗದಿದ್ದರೆ ಆಶ್ಚರ್ಯ. ಎರಡೂ ಒಂದೇ ಬಗೆಯದ್ದು ಸಿಗುತ್ತದಾ ಅಂತ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಚೀಟಿ ಬರೆದವರು ಬಳಸುವ ರೀತಿಯನ್ನು ಕಣ್ಣಾರೆ ನೋಡುವುದು ಅಪರೂಪ. ಹೋದಾಗಲೆಲ್ಲ ಇನ್ಹೇಲರನ್ನೂ ಒಯ್ದು ಎದುರಿಗೇ ಬಳಸಿ ತೋರಿಸಿ.

ಒತ್ತುವುದು, ಎಳೆಯುವುದು ಎರಡೂ ಒಟ್ಟಿಗೆ ಆಗದವರಿಗೆ ಸ್ಪೇಸರ್ ಇದೆ. ಬರೀ ಒಂದು ಟೊಳ್ಳು ಪ್ಲಾಸ್ಟಿಕ್ ಕೊಳವೆ. ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯಲ್ಲಿ ಅತಿ ಜಾಣ ವಸ್ತು ಅದೇ. ಹನಿಗಳ ರಭಸ ಅಲ್ಲಿ ಇಳಿಯುತ್ತದೆ, ದಪ್ಪ ಹನಿಗಳು ಗೋಡೆಗೆ ಅಂಟುತ್ತವೆ, ಸಣ್ಣವು ಉಸಿರಿನ ಜೊತೆ ಒಳಗೆ ಹೋಗುತ್ತವೆ. ಸಾಬೂನು ನೀರಿನಲ್ಲಿ ತೊಳೆದು ಒರೆಸದೆ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನೆಲ್ಲ ಗೋಡೆಗೇ ಎಳೆದುಕೊಳ್ಳುತ್ತದೆ. ಪಂಪ್‌ನ ಮುಚ್ಚಳವನ್ನೂ ಹಾಕಿಡಿ. ಜೇಬಿನಲ್ಲಿದ್ದ ನಾಣ್ಯ ಬಾಯಿತುದಿಯಲ್ಲಿ ಸಿಕ್ಕಿಕೊಂಡು ಉಸಿರಿನೊಡನೆ ಒಳಗೆ ಹೋದ ಪ್ರಕರಣಗಳಿವೆ. ಇನ್ನೊಂದು ಮೋಸ: ಔಷಧ ಮುಗಿದ ಮೇಲೂ ಪಂಪ್ ಬುಸ್ ಅನ್ನುತ್ತದೆ, ಅದು ಉಳಿದ ಅನಿಲ ಅಷ್ಟೇ. ನೀರಿನಲ್ಲಿ ತೇಲಿಸಿ ನೋಡುವ ಹಳೇ ಉಪಾಯ ನಂಬುವಂಥದ್ದಲ್ಲ. ಎಣಿಕೆಯ ಅಂಕಿ ಇರುವ ಪಂಪ್ ಒಳ್ಳೆಯದು. ಇಲ್ಲದಿದ್ದರೆ ಎಷ್ಟು ಪಫ್ ಆಯಿತು ಅಂತ ಬರೆದಿಡಿ.

ಅಡ್ಡಪರಿಣಾಮಗಳೆಲ್ಲ ಬಹುಪಾಲು ವಿಳಾಸ ತಪ್ಪಿದ ಔಷಧದ ಕೆಲಸ. ಅಡ್ರಿನಲಿನ್ ನೆಂಟರಿಂದ ಕೈನಡುಕ, ಎದೆಬಡಿತ, ಕಾಲಿನ ಸೆಳೆತ ಬರಬಹುದು. ಪ್ರಮಾಣ ಜಾಸ್ತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ನೀರು ಹೋಗುವ ಮಾತ್ರೆ ತಗೊಳ್ಳುವವರು, ಹೃದಯದ ಕಾಯಿಲೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದತ್ತೂರಿ ನೆಂಟರಿಂದ ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಬಹುದು. ಔಷಧವನ್ನು ಮಂಜು ಮಾಡಿ ಕೊಡುವ ಯಂತ್ರ ನೆಬ್ಯುಲೈಸರ್. ಅದರ ಮಾಸ್ಕ್ ಸಡಿಲವಿದ್ದು ಮಂಜು ಕಣ್ಣಿಗೆ ತಾಗಿದರೆ ಗ್ಲಾಕೋಮಾ (ಕಣ್ಣಿನ ನರಕ್ಕೆ ಪೆಟ್ಟು ಕೊಡುವ, ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ) ಕೆರಳಬಹುದು. ಕಣ್ಣಿನ ವಿಷಯಕ್ಕೆ ಬಂದರೆ ಇನ್ನೊಂದು ವಿಚಿತ್ರ ಇದೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಮೂಗಿನ ಕಡೆ ಇಳಿದು, ರಕ್ತಕ್ಕೆ ಸೇರಿ, ಉಸಿರುನಾಳವನ್ನೇ ಬಿಗಿಯಬಲ್ಲದು. ಕಣ್ಣಿನ ವೈದ್ಯರಿಗೆ ಎದೆಯ ಕಾಯಿಲೆಯನ್ನೂ ಹೇಳಲೇಬೇಕು. ಇನ್ಹೇಲರ್‌ನಲ್ಲಿ ಊತ ಇಳಿಸುವ ಸ್ಟಿರಾಯ್ಡ್ ಕೂಡ ಬೆರೆತಿದ್ದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ.

ಪಂಪ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಸ್ತಮಾದಿಂದ ಸಾಯುವವರ ಸಂಖ್ಯೆ ದಿಢೀರನೆ ಏರಿತು. ಬೆರಳು ತೋರಿದ್ದು ಐಸೊಪ್ರಿನಾಲಿನ್ ಅನ್ನುವ ಔಷಧವನ್ನು ಒಂದೊಂದು ಪಫ್‌ನಲ್ಲೂ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಿದ್ದ ಪಂಪ್‌ಗಳ ಕಡೆಗೆ. ಔಷಧವೇ ಹೃದಯಕ್ಕೆ ಹೊಡೆಯಿತೋ, ಅದು ಕೊಟ್ಟ ಆರಾಮವನ್ನು ನಂಬಿ ಜನ ಆಸ್ಪತ್ರೆಗೆ ತಡವಾಗಿ ಹೋದರೋ ಎಂಬ ವಾದ ಬಹಳ ಕಾಲ ನಡೆಯಿತು. ಆಸ್ತಮಾದಲ್ಲಿ ಒಳಗಿನ ಊತವೇ ಮೂಲ. ಸ್ಟಿರಾಯ್ಡ್ ಇಲ್ಲದೆ ಬರೀ ಬ್ರಾಂಕೊಡೈಲೇಟರ್ ನೆಚ್ಚಿಕೊಳ್ಳುವುದು ಬೇಡ ಎಂದು 2019ರಿಂದ ಆಸ್ತಮಾದ ಜಾಗತಿಕ ಮಾರ್ಗಸೂಚಿಯೇ ಹೇಳುತ್ತಿದೆ. ಸಿಒಪಿಡಿಯಲ್ಲಿ ಹಾಗಲ್ಲ, ಅಲ್ಲಿ ಬ್ರಾಂಕೊಡೈಲೇಟರ್‌ಗಳೇ ಚಿಕಿತ್ಸೆಯ ಬೆನ್ನೆಲುಬು. ಪಕ್ಕದ ಮನೆಯವರ ಪಂಪ್ ಸಾಲ ತಂದು ಬಳಸಬಾರದು ಅನ್ನುವುದು ಇದಕ್ಕೇ. ಇಬ್ಬರದ್ದೂ ಒಂದೇ ಥರ ಕೆಮ್ಮಾದರೂ ಕಾಯಿಲೆ ಬೇರೆ.

ತುರ್ತು ಪಂಪ್ ವಾರದಿಂದ ವಾರಕ್ಕೆ ಜಾಸ್ತಿ ಬೇಕಾಗುತ್ತಿದ್ದರೆ ಗಮನ ಕೊಡಿ. ನಾಲ್ಕು ಗಂಟೆ ಇರುತ್ತಿದ್ದ ಆರಾಮ ಎರಡೇ ಗಂಟೆಗೆ ಮುಗಿದರೆ, ಕಫ ಹೆಚ್ಚಾಗಿ ಬಣ್ಣ ಬದಲಾದರೆ ವೈದ್ಯರ ಹತ್ತಿರ ಹೋಗುವ ಹೊತ್ತು. ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ನೀಲಿ ತುಟಿ, ಮಂಪರು ಕಂಡರೆ ಕಾಯುವ ಮಾತೇ ಇಲ್ಲ, ಆಂಬುಲೆನ್ಸ್ ಕರೆಸಿ. ಅದು ಬರುವವರೆಗೆ ರೋಗಿಯನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ, ತುರ್ತು ಪಂಪನ್ನು ಸ್ಪೇಸರ್ ಮೂಲಕ ವೈದ್ಯರು ಬರೆದುಕೊಟ್ಟಷ್ಟು ಕೊಡಿ. ಮನೆಯಲ್ಲಿ ಆಕ್ಸಿಜನ್ ಇದ್ದರೆ ಗಾಬರಿಯಿಂದ ಜಾಸ್ತಿ ತಿರುಗಿಸಬೇಡಿ. ತೀವ್ರ ಸಿಒಪಿಡಿ ಇರುವ ಕೆಲವರಲ್ಲಿ ಆಕ್ಸಿಜನ್ ಮಿತಿಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಇನ್ನೂ ಗಾಢವಾಗುತ್ತದೆ. ಅಂಥವರ ರಕ್ತದ ಆಕ್ಸಿಜನ್ ಮಟ್ಟಕ್ಕೆ ವೈದ್ಯರು ಇಟ್ಟುಕೊಳ್ಳುವ ಗುರಿ ಶೇ. 88ರಿಂದ 92. ಬೆರಳಿಗೆ ಹಾಕಿದ ಯಂತ್ರ 90 ತೋರಿಸಿದರೆ ಅದನ್ನು 98ಕ್ಕೆ ಏರಿಸಲು ಹೋಗಬೇಡಿ.