ಕರುಳು ಬೇನೆ: ಮೈತುಂಬಿದ ಮರಿಯೇ ಮೊದಲು ಸಾಯುವುದೇಕೆ?

ಸಂಜೆ ದೊಡ್ಡಿಗೆ ಬಂದಾಗ ಚೆನ್ನಾಗಿಯೇ ಇದ್ದ ಟಗರುಮರಿ ಬೆಳಗಾಗುವಷ್ಟರಲ್ಲಿ ಕಾಲು ಚಾಚಿ, ಕತ್ತು ಬೆನ್ನಿನತ್ತ ಸೆಟೆದು ಸತ್ತಿರುತ್ತದೆ. ಅದು ಹಿಂಡಿನ ಬಡಕಲು ಮರಿಯಲ್ಲ, ಎಲ್ಲಕ್ಕಿಂತ ಚೆನ್ನಾಗಿ ತಿಂದು ಬೆಳೆದದ್ದು. ಕುರಿಗಾರರು ಇದನ್ನು ಕರುಳು ಬೇನೆ ಎನ್ನುತ್ತಾರೆ.

ಹೆಸರು ಅರ್ಧ ಸರಿ. ಬೇನೆ ಹುಟ್ಟುವುದು ಕರುಳಿನಲ್ಲೇ, ಆದರೆ ಪ್ರಾಣ ಹೋಗುವುದು ಮಿದುಳಿಗೆ ಬೀಳುವ ಪೆಟ್ಟಿನಿಂದ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 'ಡಿ' ಬಗೆಯ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಒಣಮೇವಿಗೆ ಒಗ್ಗಿದ ಕುರಿ ಒಮ್ಮೆಲೇ ಕಾಳು ಮುಕ್ಕಿದರೆ ಹೊಟ್ಟೆಯಲ್ಲಿ ಅರಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಅದನ್ನುಂಡು ಬ್ಯಾಕ್ಟೀರಿಯಾ ಗಂಟೆಗಳಲ್ಲೇ ವಿಪರೀತ ಹೆಚ್ಚಿ ಎಪ್ಸಿಲಾನ್ ಎಂಬ ವಿಷವನ್ನು ಬಿಡುತ್ತದೆ. ಈ ವಿಷ ಹುಟ್ಟುವಾಗ ನಿದ್ರಿಸುತ್ತಿರುತ್ತದೆ. ಅದನ್ನು ಎಬ್ಬಿಸುವುದು ಕುರಿಯದೇ ಜೀರ್ಣರಸದಲ್ಲಿರುವ ಟ್ರಿಪ್ಸಿನ್ ಎಂಬ ಕಿಣ್ವ! ಎಚ್ಚೆತ್ತ ವಿಷ ಕರುಳಿನ ಗೋಡೆಯನ್ನು ಸಡಿಲಿಸಿ ರಕ್ತಕ್ಕೆ ಸೇರುತ್ತದೆ. ಮಿದುಳಿನ ಸಣ್ಣ ರಕ್ತನಾಳಗಳು ಸೋರಿ ಮಿದುಳು ಊದಿಕೊಳ್ಳುತ್ತದೆ. ಮರಿ ಬಿದ್ದು ಕಾಲು ಬಡಿಯುವುದು, ಬಾಯಲ್ಲಿ ನೊರೆ ಬರುವುದು ಇದರಿಂದಲೇ. ಹೆಚ್ಚು ತಿಂದವನ ಕರುಳಿಗೇ ಹೆಚ್ಚು ಪಿಷ್ಟ ಇಳಿಯುವುದರಿಂದ ಮೈತುಂಬಿದ ಮರಿಯ ಸರದಿ ಮೊದಲು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರದ ಮಳೆನಾಡಿನಲ್ಲಿ ಕುರಿ ವಿರಳ. ಶಿಕಾರಿಪುರದ ಕಡೆ ಹಾಗಲ್ಲ, ಅಲ್ಲಿ ಮೆಕ್ಕೆಜೋಳವೂ ಉಂಟು. ಕಟಾವಾದ ಹೊಲದಲ್ಲಿ ಉದುರಿದ ತೆನೆಗಳ ನಡುವೆ ಹಸಿದ ಹಿಂಡನ್ನು ಇಡೀ ದಿನ ಬಿಡುವುದೇ ನಿಜವಾದ ಅಪಾಯ. ಹಿಂಡನ್ನು ಮೊದಲು ಒಣಹುಲ್ಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಗಬೇಕು. ಮೊದಲ ದಿನ ಅರ್ಧ ಗಂಟೆ ಸಾಕು. ಎಂಟು-ಹತ್ತು ದಿನದಲ್ಲಿ ಹೊತ್ತು ಹೆಚ್ಚಿಸುತ್ತಾ ಹೋಗಬಹುದು. ಮುಂಗಾರಿನ ಮೊದಲ ಎಳೆ ಹುಲ್ಲಿಗೂ ಇದೇ ಎಚ್ಚರ ಬೇಕು.

ಕರುಳು ಬೇನೆ ಎಂದೊಡನೆ ಭೇದಿ ಕಾಣಬೇಕೆಂದು ಕಾಯುವವರಿದ್ದಾರೆ. ಆಡಿನಲ್ಲಿ ಭೇದಿ ಸಾಮಾನ್ಯ, ಕುರಿಯಲ್ಲಿ ಅದು ಕಾಣುವ ಮೊದಲೇ ಸಾವು ಬರಬಹುದು. ಭೇದಿಯ ಜೊತೆ ಜ್ವರ, ಮೂಗಿನ ಸಿಂಬಳ, ಬಾಯಿಹುಣ್ಣು ಇದ್ದರೆ ಪಿಪಿಆರ್ ಎಂಬ ವೈರಸ್ ರೋಗವನ್ನು ಶಂಕಿಸಬೇಕು. ಸತ್ತ ಕುರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಮನುಷ್ಯರಿಗೂ ಹರಡುವ ಅಂಥ್ರಾಕ್ಸ್ (ನೆರಡಿ ರೋಗ) ಇರಬಹುದು. ಅಂಥ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು.

ಕರುಳು ಬೇನೆಯ ಮರಿಯನ್ನು ಪಶುವೈದ್ಯರು ಕೊಯ್ದಾಗ ಹೃದಯದ ಸುತ್ತಲಿನ ಚೀಲದಲ್ಲಿ ಹುಲ್ಲಿನ ಬಣ್ಣದ ನೀರು ಕಾಣುತ್ತದೆ, ಮೂತ್ರದಲ್ಲಿ ಸಕ್ಕರೆ ಸಿಗಬಹುದು. ಮೂತ್ರಪಿಂಡ ಮುದ್ದೆಯಂತಾಗಿರುತ್ತದೆ. ಆದರೆ ಯಾವ ಹೆಣವೂ ಹೊತ್ತು ಕಳೆದಂತೆ ಮೆತ್ತಗಾಗುವುದರಿಂದ ತಡವಾಗಿ ಕೊಯ್ದರೆ ಆ ಗುರುತನ್ನು ನಂಬಲಾಗದು.

ಬಿದ್ದ ಮರಿಗೆ ಔಷಧಿ ಫಲಿಸುವುದು ಅಪರೂಪ. ಒಂದು ಸತ್ತ ದಿನವೇ ಉಳಿದವನ್ನು ಆ ಹೊಲದಿಂದ ಹೊರಡಿಸಿ ಒಣಹುಲ್ಲಿಗೆ ಕಟ್ಟಬೇಕು. ಈ ಬೇನೆಗೆ ಲಸಿಕೆ ಇದೆ, ಆದರೆ ಅಂದು ಹಾಕಿದ್ದು ಅಂದೇ ರಕ್ಷಣೆ ಕೊಡುವುದಿಲ್ಲ.

ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ. ಚರ್ಮದಡಿ ಚುಚ್ಚುವ ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಹಾಗಾಗಿ ಬಾಟಲಿ ನೇರವಾಗಿ ಐಸ್‌ಗೆ ತಾಗಬಾರದು. ಮೊದಲ ಸಲ ಹಾಕುವಾಗ ಎರಡು-ಮೂರು ವಾರ ಬಿಟ್ಟು ಎರಡನೆಯದು ಬೇಕೇ ಬೇಕು. ಒಂದೇ ಚುಚ್ಚಿಸಿ ಮರೆತದ್ದರಿಂದಲೇ ಎಷ್ಟೋ ಹಿಂಡುಗಳು ಸೋಲುತ್ತವೆ. ಗಬ್ಬದ ಕುರಿಗೆ ಈಯುವ ನಾಲ್ಕು ವಾರ ಮುಂಚೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ಕೆಲವು ವಾರ ರಕ್ಷಣೆ ಸಿಗುತ್ತದೆ.

ವರ್ಷದ ಲಸಿಕೆ ಮಳೆಗಾಲಕ್ಕೆ ಮುಂಚೆ, ಮೇ ಹೊತ್ತಿಗೆ ನಡೆಯುತ್ತದೆ. ಜೂನ್-ಜುಲೈನಲ್ಲಿ ಹುಟ್ಟಿದ ಮರಿಗಳಿಗೆ ಅದು ತಪ್ಪಿರುತ್ತದೆ, ಅಕ್ಟೋಬರ್-ನವೆಂಬರ್‌ನಲ್ಲಿ ಮೆಕ್ಕೆಜೋಳದ ಹೊಲಕ್ಕೆ ಇಳಿಯುವುದೂ ಅವೇ. ಕಟಾವು ಶುರುವಾಗುವ ಮೊದಲೇ ಆ ಮರಿಗಳಿಗೆ ಎರಡೂ ಚುಚ್ಚುಮದ್ದು ಮುಗಿದಿರಬೇಕು.