ಮ್ಯಾನೇಜ್‌ಮೆಂಟ್ ಸುಧಾರಿಸಿದರೆ ಕಾರ್ಖಾನೆ ನಿಜಕ್ಕೂ ಬೆಳೆಯುತ್ತದಾ?

ಪ್ರಶ್ನೆ: ನಮ್ಮಲ್ಲಿ ಸಣ್ಣ, ಮಧ್ಯಮ ಉದ್ಯಮಗಳಿಗೆ ಬಂಡವಾಳ ಸಾಲುವುದಿಲ್ಲ. ಬ್ಯಾಂಕ್ ಸಾಲ ಸುಲಭವಾಗಿ ಸಿಗುವುದಿಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹೀಗಿರುವಾಗ ‘ಮ್ಯಾನೇಜ್‌ಮೆಂಟ್ ಸರಿಮಾಡಿಕೊಳ್ಳಿ’ ಅನ್ನುವ ಸಲಹೆಗೆ ಬೆಲೆ ಇದೆಯಾ? ಅದರಿಂದ ಉತ್ಪಾದನೆ, ಲಾಭ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆಯಾ?

ಉತ್ತರ: ಪುರಾವೆ ಇದೆ. ಅದೂ ನಮ್ಮ ದೇಶದ್ದೇ.

ಮುಂಬೈಯಿಂದ ಉತ್ತರಕ್ಕೆ ಹೋದರೆ ತಾರಾಪುರ, ಉಂಬರಗಾಂವ್ ಸುತ್ತಮುತ್ತ ಬಟ್ಟೆ ನೇಯುವ ಕಾರ್ಖಾನೆಗಳಿವೆ. 2008ರಲ್ಲಿ ಅಲ್ಲಿ ಒಂದು ಪ್ರಯೋಗ ಶುರುವಾಯಿತು. ಅದನ್ನು ಮಾಡಿದವರು ನಿಕೋಲಸ್ ಬ್ಲೂಮ್, ಅಪ್ರಜಿತ್ ಮಹಾಜನ್, ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ ಮತ್ತು ಅವರ ಜೊತೆಗಾರ ಅರ್ಥಶಾಸ್ತ್ರಜ್ಞರು. 17 ಕಂಪನಿಗಳು ಒಪ್ಪಿದವು. ಎಲ್ಲವೂ ಕುಟುಂಬಗಳ ಒಡೆತನದವು, ಸರಾಸರಿ 270 ಜನ ಕೆಲಸ ಮಾಡುವಷ್ಟು ದೊಡ್ಡವು. ಲಾಟರಿ ಎತ್ತಿ 11 ಕಂಪನಿಗಳ 14 ಕಾರ್ಖಾನೆಗಳನ್ನು ಆರಿಸಿದರು. ಅಲ್ಲಿಗೆ ಅಂತಾರಾಷ್ಟ್ರೀಯ ಕನ್ಸಲ್ಟಿಂಗ್ ಕಂಪನಿಯೊಂದರ ತಂಡ ಐದು ತಿಂಗಳು ಉಚಿತವಾಗಿ ಸಲಹೆ ಕೊಟ್ಟಿತು. ಇನ್ನು 6 ಕಾರ್ಖಾನೆಗಳಿಗೆ ಒಂದು ತಿಂಗಳ ತಪಾಸಣೆ ಮಾತ್ರ. ಆಮೇಲೆ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದರು. ಲಾಟರಿ ಯಾಕೆ ಮುಖ್ಯ ಅಂದರೆ, ಹಾಗೆ ಮಾಡದಿದ್ದರೆ ‘ಮೊದಲೇ ಚೆನ್ನಾಗಿದ್ದ ಕಂಪನಿಗಳೇ ಸಲಹೆ ತಗೊಂಡವು’ ಅನ್ನುವ ಅನುಮಾನ ಉಳಿದುಬಿಡುತ್ತದೆ.

ತಂಡ ಒಳಗೆ ಹೋದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೂಲಿನ ಚೀಲಗಳು ಹಿಂದಿನ ಸಾಲು ಕೈಗೇ ಸಿಗದಷ್ಟು ಎತ್ತರಕ್ಕೆ ಪೇರಿಸಿದ್ದವು. ಯಾವ ಚೀಲದಲ್ಲಿ ಯಾವ ಬಣ್ಣ ಅಂತ ಚೀಟಿ ಇಲ್ಲ. ಕೆಳಗಿನ ಕೋನ್‌ಗಳು, ಅಂದರೆ ನೂಲು ಸುತ್ತಿದ ಉರುಳೆಗಳು, ಭಾರಕ್ಕೆ ಜಜ್ಜಿಹೋಗಿದ್ದವು. ಅವನ್ನು ಮತ್ತೆ ಸುತ್ತಬೇಕು. ಯಂತ್ರದಿಂದ ಎಣ್ಣೆ ಸೋರುತ್ತಿತ್ತು. ಕೆಲಸ ಮುಗಿದ ಸಾಮಾನು ಓಡಾಡುವ ದಾರಿಯಲ್ಲೇ ಬಿದ್ದಿತ್ತು. ಬಟ್ಟೆಯ ದೋಷ ಹುಡುಕಿ ಸರಿಪಡಿಸುವುದಕ್ಕೇ ಸುಮಾರು ಐದರಲ್ಲಿ ಒಬ್ಬ ಕೆಲಸಗಾರ ಬೇಕಾಗುತ್ತಿತ್ತು. ಆದರೆ ಆ ದೋಷ ಯಾವ ಮಗ್ಗದಲ್ಲಿ, ಯಾವ ಪಾಳಿಯಲ್ಲಿ, ಯಾಕೆ ಬರುತ್ತಿದೆ ಅಂತ ವ್ಯವಸ್ಥಿತವಾಗಿ ಬರೆದಿಡುತ್ತಿರಲಿಲ್ಲ. ದೋಷವನ್ನು ದಿನಾ ತಿದ್ದುತ್ತಿದ್ದರು, ಅದರ ಮೂಲಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ.

ಸಲಹೆಗಾರರು ಹೇಳಿಕೊಟ್ಟ 38 ಕ್ರಮಗಳಲ್ಲಿ ಬೆರಗಾಗುವಂಥದ್ದು ಒಂದೂ ಇರಲಿಲ್ಲ. ದೋಷ ಕಂಡ ಕೂಡಲೇ ವಿಧ ನೋಡಿ ಬರೆಯಿರಿ. ಮ್ಯಾನೇಜರ್ ಮತ್ತು ಸೂಪರ್‌ವೈಸರ್‌ಗಳು ದಿನಾ ಸೇರಿ ಆ ಪಟ್ಟಿ ನೋಡಲಿ. ಯಂತ್ರ ಕೆಡುವ ಮೊದಲೇ ಸರ್ವಿಸ್ ಮಾಡಿ. ನೂಲಿನ ಸ್ಟಾಕ್ ಲೆಕ್ಕ ಇಡಿ, ಹಳೆಯದನ್ನು ಮಾರಿ. ಕೆಲಸಗಾರರಿಗೂ ಮ್ಯಾನೇಜರ್‌ಗಳಿಗೂ ಕೆಲಸ ನೋಡಿ ಬೋನಸ್ ಕೊಡಿ.

ಫಲಿತಾಂಶ? ಮೊದಲ ವರ್ಷದಲ್ಲೇ ಉತ್ಪಾದಕತೆ, ಅಂದರೆ ಅಷ್ಟೇ ಜನ, ಯಂತ್ರ, ಸಾಮಾನಿನಿಂದ ಬರುವ ಉತ್ಪಾದನೆ, ಶೇ 17ರಷ್ಟು ಏರಿತು. ಬಟ್ಟೆಯ ದೋಷಗಳು ಶೇ 40ಕ್ಕಿಂತ ಹೆಚ್ಚು ಇಳಿದವು. ಒಂದೊಂದು ಕಾರ್ಖಾನೆಯ ಲಾಭ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಹೆಚ್ಚಿರಬಹುದು ಅಂತ ಸಂಶೋಧಕರು ಅಂದಾಜು ಮಾಡಿದರು. ಮೂರು ವರ್ಷದೊಳಗೆ, ಸಲಹೆ ಪಡೆದ ಕಂಪನಿಗಳು ಪಡೆಯದವುಗಳಿಗಿಂತ ಹೆಚ್ಚು ಹೊಸ ಕಾರ್ಖಾನೆ ತೆರೆದಿದ್ದವು. ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಕಾರ್ಖಾನೆಗಳ ಸಂಖ್ಯೆ ಚಿಕ್ಕದು ನಿಜ, ಆದರೆ ವಾರವಾರದ ಅಂಕಿಅಂಶ ಹಿಡಿದು ಮಾಡಿದ ಕೆಲಸ ಇದು.

ಇಷ್ಟು ಸರಳವಾದದ್ದನ್ನು ಮೊದಲೇ ಯಾಕೆ ಮಾಡಿರಲಿಲ್ಲ? ಒಂದು ಕಾರಣ ತಿಳಿವಳಿಕೆಯ ಕೊರತೆ. ಕೆಲವು ಪದ್ಧತಿಗಳ ಹೆಸರನ್ನೇ ಮಾಲೀಕರು ಕೇಳಿರಲಿಲ್ಲ. ಕೇಳಿದ್ದವರೂ ‘ನಮ್ಮ ಬಟ್ಟೆ ಅಕ್ಕಪಕ್ಕದವರಷ್ಟೇ ಚೆನ್ನಾಗಿದೆ, ಲಾಭವೂ ಬರುತ್ತಿದೆ, ಇನ್ಯಾಕೆ ಇದೆಲ್ಲ’ ಅಂದುಕೊಂಡಿದ್ದರು. ವಿದೇಶಿ ಬಟ್ಟೆಗೆ ಆಮದು ಸುಂಕ ಜಾಸ್ತಿ ಇದ್ದದ್ದರಿಂದ ಹೊರಗಿನ ಪೈಪೋಟಿ ಅವರನ್ನು ಅಷ್ಟಾಗಿ ತಟ್ಟಲಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ನಂಬಿಕೆಯ ವಿಷಯ. ಚೆನ್ನಾಗಿ ನಡೆಯುವ ಕಂಪನಿ ಬೆಳೆಯಬೇಕು, ಕೆಟ್ಟದಾಗಿ ನಡೆಯುವುದು ಮುಚ್ಚಬೇಕು ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಹಾಗಿರಲಿಲ್ಲ. ಒಂದು ಕಂಪನಿ ಎಷ್ಟು ದೊಡ್ಡದಾಗಿದೆ ಅನ್ನುವುದಕ್ಕೂ ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ ಅನ್ನುವುದಕ್ಕೂ ಗಟ್ಟಿ ನಂಟು ಕಂಡಿತು. ಅಣ್ಣ ಒಂದು ಕಾರ್ಖಾನೆ ನೋಡಿಕೊಂಡರೆ ತಮ್ಮ ಇನ್ನೊಂದನ್ನು ನೋಡಿಕೊಳ್ಳುತ್ತಾನೆ. ಮೂರನೆಯದಕ್ಕೆ ಮನೆಯವರು ಯಾರೂ ಇಲ್ಲದಿದ್ದರೆ ಬೆಳವಣಿಗೆ ಅಲ್ಲಿಗೇ ನಿಂತಿತು. ಹೊರಗಿನ ಮ್ಯಾನೇಜರನ್ನು ನೇಮಿಸಿದರೂ ಅವನ ಕೈಗೆ ಅಧಿಕಾರ ಕೊಡುವುದಿಲ್ಲ. ನೂಲು ಕದ್ದರೆ ಏನು ಮಾಡುವುದು ಅನ್ನುವ ಭಯ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಮಾಲೀಕರೇ ದಿನಾ ಕಾರ್ಖಾನೆ ಸುತ್ತಿ, ಪ್ರತಿಯೊಂದಕ್ಕೂ ತಾವೇ ಸಹಿ ಹಾಕಬೇಕು. ಮನೆಯ ಹೆಣ್ಣುಮಕ್ಕಳಿಗೂ ಈ ಹೊಣೆ ಕೊಟ್ಟಿದ್ದರೆ ಎಷ್ಟು ಕಂಪನಿಗಳು ಬೆಳೆಯುತ್ತಿದ್ದವೋ ಅಂತ ನಾನು ಯೋಚಿಸುತ್ತೇನೆ. ಆ ದಾರಿಯನ್ನು ಆ ಕುಟುಂಬಗಳು ಮುಚ್ಚಿಟ್ಟುಕೊಂಡಿದ್ದವು.

ಲೆಕ್ಕದ ಪುಸ್ತಕ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಎಷ್ಟು ನೂಲು ಬಂತು, ಎಷ್ಟು ಬಟ್ಟೆ ಆಯಿತು, ಎಷ್ಟು ಉಳಿಯಿತು ಅನ್ನುವುದು ಪ್ರತಿದಿನ ಕಣ್ಣಮುಂದೆ ಇದ್ದರೆ ಮಾಲೀಕ ಅಲ್ಲೇ ನಿಂತಿರಬೇಕಾಗಿಲ್ಲ. ಸಲಹೆ ಪಡೆದ ಕಂಪನಿಗಳು ಆಮೇಲೆ ಮ್ಯಾನೇಜರ್‌ಗಳಿಗೆ ಹೆಚ್ಚು ಅಧಿಕಾರ ಬಿಟ್ಟುಕೊಟ್ಟವು. ಹೊಸ ಕಾರ್ಖಾನೆ ತೆರೆಯಲು ಸಾಧ್ಯವಾದದ್ದರಲ್ಲಿ ಇದರ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ.

ಈ ಸುಧಾರಣೆ ಉಳಿಯಿತಾ ಅಂತ ನೋಡಲು ಸಂಶೋಧಕರು 2017ರಲ್ಲಿ ಮತ್ತೆ ಹೋದರು. ಕಲಿಸಿದ ಕ್ರಮಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಕೆಲಸ ಬಿಟ್ಟುಹೋದದ್ದು ಮತ್ತು ಮಾಲೀಕರಿಗೆ ಪುರುಸೊತ್ತು ಇಲ್ಲದ್ದು ಮುಖ್ಯ ಕಾರಣಗಳು. ಆದರೂ ಸಲಹೆ ಪಡೆಯದ ಕಾರ್ಖಾನೆಗಳಿಗಿಂತ ಇವು ಸಾಕಷ್ಟು ಮುಂದಿದ್ದವು. ಅದೇ ಕುಟುಂಬದ ಬೇರೆ ಕಾರ್ಖಾನೆಗಳಿಗೂ ಈ ಪದ್ಧತಿಗಳು ಹರಡಿದ್ದವು. ಪಕ್ಕದ ಕಂಪನಿಗೆ ಮಾತ್ರ ಅಷ್ಟಾಗಿ ಹರಡಿರಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಇಂಥ ಅಧ್ಯಯನಗಳಾಗಿವೆ. ಒಂದರಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದರ ಪರಿಣಾಮ ನೋಡಿದರು. ಎಲ್‌ಇಡಿಗೆ ಬಿಸಿ ಕಮ್ಮಿ, ಹಾಗಾಗಿ ಸೆಕೆಯ ದಿನಗಳಲ್ಲಿ ಹೊಲಿಗೆಯ ಕೆಲಸ ಮೊದಲಿನಷ್ಟು ಕುಸಿಯಲಿಲ್ಲ. ಕರೆಂಟ್ ಬಿಲ್ ಉಳಿತಾಯ ಮಾತ್ರ ನೋಡಿದರೆ ಹಾಕಿದ ದುಡ್ಡು ವಾಪಸ್ ಬರಲು ಮೂರೂವರೆ ವರ್ಷ ಬೇಕು. ಹೆಚ್ಚಿದ ಉತ್ಪಾದನೆಯನ್ನೂ ಸೇರಿಸಿದರೆ ಎಂಟು ತಿಂಗಳೊಳಗೇ ಬರುತ್ತದೆ. ಬಿಲ್ ಪ್ರತಿ ತಿಂಗಳು ಕೈಗೆ ಬರುತ್ತದೆ, ಉತ್ಪಾದನೆಯನ್ನು ಅಳೆಯದಿದ್ದರೆ ಆ ಲಾಭ ಕಾಣುವುದೇ ಇಲ್ಲ ಅಲ್ವಾ?

ಇನ್ನೊಂದು ಅಧ್ಯಯನ ಮಹಿಳಾ ಕೆಲಸಗಾರರಿಗೆ ಮಾತುಕತೆ, ಸಮಯದ ಹೊಂದಾಣಿಕೆ, ಸಮಸ್ಯೆ ಬಿಡಿಸುವ ರೀತಿ ಇವುಗಳಲ್ಲಿ ತರಬೇತಿ ಕೊಟ್ಟದ್ದರ ಬಗ್ಗೆ. ಕಾರ್ಖಾನೆಗೆ ಖರ್ಚಿನ ಎರಡೂವರೆ ಪಟ್ಟು ಲಾಭ ಬಂತು. ಕೆಲಸಗಾರರ ಸಂಬಳ ಮಾತ್ರ ಏರಿಲ್ಲ ಅನ್ನುವಷ್ಟು ಕಮ್ಮಿ ಏರಿತು. ಇದು ನನಗೆ ಸರಿ ಕಾಣುವುದಿಲ್ಲ. ಲೈನಿನಲ್ಲಿ ಕೂತು ಹೊಲಿಯುವವರಿಂದಲೇ ಬಂದ ಲಾಭ ಅದು. ಅವರಿಗೆ ಅದರಲ್ಲಿ ಪಾಲು ಸಿಗಬೇಕು.

ಇದರರ್ಥ ಕರೆಂಟ್, ಸಾಲ, ರಸ್ತೆ ಮುಖ್ಯವಲ್ಲ ಅಂತಲ್ಲ. ಅವು ಸರ್ಕಾರದಿಂದ, ಬ್ಯಾಂಕಿನಿಂದ ಆಗಬೇಕಾದ ಕೆಲಸ, ಕೇಳುತ್ತಲೇ ಇರಬೇಕು. ಕೋರ್ಟುಗಳು ಬೇಗ ತೀರ್ಪು ಕೊಟ್ಟರೆ ಹೊರಗಿನವರ ಮೇಲೆ ನಂಬಿಕೆ ಇಡುವುದೂ ಸುಲಭವಾಗುತ್ತದೆ.

ದೊಡ್ಡಬಳ್ಳಾಪುರದಲ್ಲೋ ರಬಕವಿ-ಬನಹಟ್ಟಿಯಲ್ಲೋ ನಾಲ್ಕೈದು ಪವರ್‌ಲೂಮ್ ಇಟ್ಟುಕೊಂಡವರು ‘ನಾವೇನು ಮಾಡಬಹುದು’ ಅಂತ ಕೇಳಿದರೆ, ಕನ್ಸಲ್ಟೆಂಟ್ ಬೇಕಿಲ್ಲ ಅನ್ನುತ್ತೇನೆ. ಒಂದು ನೋಟ್‌ಬುಕ್ ತಗೊಳ್ಳಿ. ಮಗ್ಗ ನಿಂತಾಗಲೆಲ್ಲ ಯಾವ ಮಗ್ಗ, ಎಷ್ಟು ಹೊತ್ತು, ಯಾಕೆ ಅಂತ ಬರೆಯಿರಿ: ಕರೆಂಟ್ ಹೋಯಿತು, ನೂಲು ಕಡಿಯಿತು, ರಿಪೇರಿಗೆ ಕಾದೆವು. ಬರೆಯುವ ಕೆಲಸ ಮಗ್ಗ ನಡೆಸುವವರಿಗೇ ಕೊಡಿ, ಬರೆದದ್ದಕ್ಕೆ ಅವರನ್ನು ಬೈಯಬೇಡಿ, ಬೈದರೆ ಮರುದಿನದಿಂದ ಸುಳ್ಳು ಲೆಕ್ಕ ಬರುತ್ತದೆ. ವಾರಕ್ಕೊಮ್ಮೆ ಎಲ್ಲರೂ ಕೂತು ಕೂಡಿಸಿ ನೋಡಿ. ಹೊಸ ಮಗ್ಗಕ್ಕೆ ಸಾಲ ಮಾಡುವ ಯೋಚನೆ ಇದ್ದರೆ, ಮೂರು ತಿಂಗಳ ಈ ಲೆಕ್ಕ ಕೈಗೆ ಬಂದ ಮೇಲೆ ತೀರ್ಮಾನ ಮಾಡಿ. ಮಗ್ಗ ನಿಲ್ಲುತ್ತಿರುವುದು ಕೆಟ್ಟ ನೂಲಿನಿಂದ ಅಂತ ಗೊತ್ತಾದರೆ, ಆ ಸಾಲದ ಅಗತ್ಯವೇ ಬೀಳದಿರಬಹುದು.